ಸಸಿ ಕೀಳುವ ಕೆಲಸ

ಬೇಕಲ ಕೋಟೆಯ ಗೇಟು ತೆರೆಯುವ ಮೊದಲೇ
ನಾವು ಮೂವರು ಒಳಗೆ: ನಬೀಸಾ, ಚಿರುತೆ, ನಾನು.
ಕೈಯಲ್ಲಿ ಸಣ್ಣ ಕತ್ತಿ, ಹೆಗಲಿಗೆ ಗೋಣಿ,
ಕುತ್ತಿಗೆಯಲ್ಲಿ ಇಲಾಖೆಯ ಕಾರ್ಡು. ಅದರ ಫೋಟೋದಲ್ಲಿ
ನನ್ನ ಕಣ್ಣು ಮುಚ್ಚಿದೆ.

ಕೆಲಸ ಇಷ್ಟೆ. ಗೋಡೆಯಲ್ಲಿ ಹುಟ್ಟಿದ್ದನ್ನು
ಹುಟ್ಟಲೇ ಇಲ್ಲ ಎಂಬ ಹಾಗೆ ಮಾಡುವುದು.
ಹುಲ್ಲು, ಜರಿ, ಕಾಗೆ ಉದುರಿಸಿದ ಗೋಳಿ,
ಮುರಕಲ್ಲಿನ ತೂತಿನಲ್ಲಿ ಕಿರುಬೆರಳಷ್ಟು ಅಶ್ವತ್ಥ.
ಶನಿವಾರ ನಮ್ಮ ಕಟ್ಟೆಯ ಮರಕ್ಕೆ
ಮೂರು ಸುತ್ತು ಬರುತ್ತೇನೆ, ಕೈ ಮುಗಿದು.
ಸೋಮವಾರ ಅದರ ಮಕ್ಕಳನ್ನು ಕೀಳುತ್ತೇನೆ,
ದಿನಗೂಲಿಗೆ.

ಗೋಡೆಯ ಕಂಡಿಗಳು ಮೂರು ಬಗೆ,
ಅಂಬಾಡಿ ಮೇಸ್ತ್ರಿ ತೋರಿಸಿದ್ದು:
ದೂರದ ವೈರಿಗೆ ಮೇಲಿನದು,
ಹತ್ತಿರ ಬಂದವನಿಗೆ ನಡುವಿನದು,
ಬುಡಕ್ಕೇ ಬಂದವನಿಗೆ ಕೆಳಗಿನದು.
ಮೇಲಿನದರಲ್ಲಿ ಚಿರುತೆ ಗಂಡನ ದೋಣಿ ಹುಡುಕುತ್ತಾಳೆ.
ನಡುವಿನದರಲ್ಲಿ ನಮ್ಮ ಬುತ್ತಿ, ತಂಪಾಗಿರುತ್ತದೆ.
ಕೆಳಗಿನದರಲ್ಲಿ ಒಂದು ಉಡ ಉಂಟು,
ಅದು ಯಾರನ್ನೂ ವೈರಿ ಎಂದು ಎಣಿಸಿಲ್ಲ.

ಮೊದಲು ಇಕ್ಕೇರಿಯವರು, ಆಮೇಲೆ ಮೈಸೂರಿನವರು,
ಆಮೇಲೆ ಕುಂಪಣಿ.
ಅವರ ಕಡತಗಳಲ್ಲಿ ಹುಲ್ಲು ಕೀಳುವವರ ಕೂಲಿ
ಬರೆದಿದ್ದರೋ ಏನೋ.
ಬರೆದಿರಬೇಕು.
ಗೋಡೆ ಎದ್ದ ಮೊದಲ ಮಳೆಗಾಲಕ್ಕೇ
ಹುಲ್ಲು ಬಂದಿರುತ್ತದಲ್ಲ.

ಹತ್ತು ಗಂಟೆಗೆ ಬಸ್ಸುಗಳು.
ರೆಸಾರ್ಟಿನ ಟೋಪಿ, ಹೊಸ ಮದುಮಕ್ಕಳ ಮೆಹೆಂದಿ,
ಶಾಲೆಯ ಸಾಲು, ಸಾಲಿನ ಕೊನೆಗೆ ಕುಂಟುವ ಮೇಷ್ಟ್ರು.
"ಇಲ್ಲಿ ಎಂತ ನೋಡಲಿಕ್ಕುಂಟು?" ಕೇಳುತ್ತಾರೆ, ನಾಲ್ಕೈದು ಭಾಷೆಯಲ್ಲಿ.
ನಾನು ಕತ್ತಿಯಲ್ಲೇ ತೋರಿಸುತ್ತೇನೆ:
ಅದು ಬುರುಜು, ಏರಿದರೆ ಇಡೀ ಕಡಲು ಕಾಲ ಬುಡಕ್ಕೆ.
ಅದು ಮೆಟ್ಟಿಲಿನ ಕೆರೆ, ಇಳಿಯಬೇಡಿ, ಪಾಚಿ.
ಇದು ಮದ್ದಿನ ಮನೆ.
ಆಗಿನ ಮದ್ದು ಕೋವಿಗೆ. ಈಗಿನದು
ನನ್ನ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕುಂಚದ ತುದಿಯಷ್ಟು,
ಕೊಯ್ದ ಬೇರಿನ ಬಾಯಿಗೆ.

ಮೊಳೆಯಲ್ಲಿ ಗೀಚಿದ ಹೆಸರುಗಳೂ ಉಂಟು.
ಅವನ್ನು ಕೀಳಲು ಯಾರೂ ಹೇಳಿಲ್ಲ.
ಶ್ರೀಜಿತ್, ರಮ್ಯಾ, ನಡುವೆ ಒಂದು ಬಾಣ:
ಮೇಲೆ ಹಬ್ಬಿದ ಪಾಚಿ ತಿಕ್ಕಿ ತೆಗೆದೆ,
ಹೆಸರು ಮೊದಲಿಗಿಂತ ಚೆನ್ನಾಗಿ ಕಂಡಿತು.
ಮೇಸ್ತ್ರಿ ಬೈದ.

ಪಡುವಣ ಕೊತ್ತಳದಲ್ಲಿ ಒಂದು ಬೇರು.
ನನ್ನ ತೋಳಿನಷ್ಟು ದಪ್ಪ, ನಾನು ಸೇರುವ ಮೊದಲಿನದು.
ಮೂರು ವರ್ಷ ಮದ್ದು ಹಾಕಿದೆವು, ಸಾಯಲಿಲ್ಲ.
ನಾಲ್ಕನೆಯ ವರ್ಷ ತ್ರಿಶ್ಶೂರಿನಿಂದ ಎಂಜಿನಿಯರಮ್ಮ ಬಂದಳು,
ಕಲ್ಲಿಗೆ ಕಿವಿ ಕೊಟ್ಟು ಬೆರಳ ಗೆಣ್ಣಿನಿಂದ ತಟ್ಟಿದಳು,
ಸುಮಾರು ಹೊತ್ತು ಏನೂ ಹೇಳಲಿಲ್ಲ.
ಆಮೇಲೆ: "ಇದನ್ನು ಕೀಳಬೇಡಿ. ಕಲ್ಲು ಸಡಿಲಾಗಿದೆ,
ಈಗ ಗೋಡೆ ನಿಂತಿರುವುದೇ ಇದರ ಹಿಡಿತದಲ್ಲಿ.
ಎಲೆ ಮಾತ್ರ ತೆಗೆಯುತ್ತಿರಿ, ಅನುದಾನ ಬರುವವರೆಗೆ."

ಅನುದಾನ ಬರಲಿಲ್ಲ.
ಹದಿನೈದು ದಿನಕ್ಕೊಮ್ಮೆ ಏಣಿ ಇಟ್ಟು ಹತ್ತುತ್ತೇನೆ.
ಚಿಗುರು ಕೆಂಪಗೆ, ಹಸುಗೂಸಿನ ಕಿವಿಯ ಹಾಗೆ,
ಹಿಂದಿನಿಂದ ಬಿಸಿಲು ಬಿದ್ದರೆ ನರ ಕಾಣುತ್ತದೆ.
ಚಿವುಟಿದಲ್ಲಿ ಹಾಲು.
ಮೊದಲು ಹತ್ತಿಪ್ಪತ್ತು ಎಲೆ ಇರುತ್ತಿತ್ತು.
ಈಚೆಗೆ ನಾಲ್ಕೋ ಐದೋ.
ದಣಿದಿದೆಯೋ, ನನ್ನ ಕೆಲಸ ಹಗುರ ಮಾಡುತ್ತಿದೆಯೋ
ಕೇಳುವುದು ಹೇಗೆ?

ಅದನ್ನು ಯಾರಿಗೂ ತೋರಿಸುವುದಿಲ್ಲ ನಾನು.
ಫೋಟೋ ತೆಗೆಯುವವರು ಆ ಗೋಡೆಗೇ ಒರಗುತ್ತಾರೆ,
"ಸ್ವಲ್ಪ ಆಚೆ ನಿಲ್ಲಿ ಅಕ್ಕ," ಎನ್ನುತ್ತಾರೆ.
ಏಣಿ ಎತ್ತಿಕೊಂಡು ಆಚೆ ನಿಲ್ಲುತ್ತೇನೆ.

ಸಂಜೆ ಸೀಟಿ. ಕಡಲು ಕೆಂಪು, ಎಲ್ಲರ ಫೋನೂ ಕೆಂಪು.
ಗೋಣಿಯಲ್ಲಿದ್ದದ್ದು ನಬೀಸಾಳ ಆಡಿಗೆ.
ಈ ಕೋಟೆ ತಿಂದೇ ಅದು ಎರಡು ಮರಿ ಹಾಕಿದ್ದು.
ಹಾಲಿಗೆ ಒಂಚೂರು ಉಪ್ಪು ರುಚಿ ಉಂಟು ಎನ್ನುತ್ತಾಳೆ ಅವಳು.
ನಾನು ಕುಡಿದು ನೋಡಿದ್ದೇನೆ,
ನನಗೇನೂ ಹಾಗನಿಸಲಿಲ್ಲ.